ತಂತಿಯ ದಾರಿಯೂ ಆವಿಯ ದಾರಿಯೂ



ಕಲಾದಗಿಯಿಂದ ಲೋಕಾಪುರದ ಮಾರ್ಗವಾಗಿ ಮುಧೋಳದ ಕಡೆಗೆ ಹೊರಟವರಿಗೆ ಹಂಗಾಮಿನ ದಿನಗಳಲ್ಲಿ ಕಬ್ಬು ಹೇರಿದ ಗಾಡಿಗಳ ಸಾಲು ಕಣ್ಣಿಗೆ ಬೀಳದೆ ಇರದು. ಘಟಪ್ರಭೆ ಕೃಷ್ಣೆಯರ ನೀರುಂಡು ಬೆಳೆದ ಆ ಕಬ್ಬು ಸಕ್ಕರೆಯ ಕಾರ್ಖಾನೆಗಳನ್ನು ಸೇರುವದು. ಸಕ್ಕರೆಯನ್ನು ತೆಗೆದ ಬಳಿಕ ಉಳಿಯುವ ಕಾಕಂಬಿಯನ್ನು ಹುಳಿಬರಿಸಿ, ಭಟ್ಟಿಯಿಳಿಸಿ ಮದ್ಯಸಾರವನ್ನು ಪಡೆಯುವರು. ಇದಕ್ಕೆ ಈಗ ಇಥೆನಾಲ್ ಎಂಬ ಹೆಸರು ಹೆಚ್ಚು ರೂಢಿಯಾಗಿದೆ. ಪೆಟ್ರೋಲಿನೊಳಗೆ ನೂರಕ್ಕೆ 5 ಪಾಲು ಇಥೆನಾಲನ್ನು ಕೂಡಿಸುವ ಯೋಜನೆಯು ನಮ್ಮ ದೇಶದಲ್ಲಿ 2003ರಲ್ಲಿ ಆರಂಭವಾಯಿತು. ಆ ಪ್ರಮಾಣವು 2022ರಲ್ಲಿ ನೂರಕ್ಕೆ 10ನ್ನೂ, 2025ರಲ್ಲಿ ನೂರಕ್ಕೆ 20ನ್ನೂ ಮುಟ್ಟಿತು. ಆದಕಾರಣ ಈ ದ್ರವವನ್ನು ತುಂಬಿದ ದೊಡ್ಡ ತೊಟ್ಟಿಗಳು ನಮ್ಮ ಜಿಲ್ಲೆಯವರಿಗೆ ನೆರೆಹೊರೆಯೇ ಆಗಿವೆ. ನಿಮ್ಮಲ್ಲಿ ಕೆಲವರ ತಂದೆಯರೂ ಅಣ್ಣಂದಿರೂ ಅಲ್ಲಿ ದುಡಿಯುತ್ತಿರುವರು. ನಿಮ್ಮಲ್ಲಿಯೇ ಕೆಲವರು ನಾಳೆ ಅಲ್ಲಿಗೆ ಎಂಜಿನಿಯರರಾಗಿ ಹೋಗುವಿರಿ.

ಈ ಸ್ಮರಣ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಕೇಳಿದಾಗ, ನಮ್ಮ ಮನೆಗಳಿಗೆ ಇಷ್ಟು ಹತ್ತಿರವಾಗಿದ್ದೂ ಪಾಠಪುಸ್ತಕಗಳಲ್ಲಿ ಕಾಣದಿರುವ ಒಂದು ವಿಷಯವನ್ನು ಆರಿಸಿಕೊಂಡೆನು. ಉರಿಯತಕ್ಕ ದ್ರವವಿರುವ ಸ್ಥಳದಲ್ಲಿ ವಿದ್ಯುತ್ತಿನ ತಂತಿಯು ಹೋಗಲೇಬೇಕು. ಪಂಪನ್ನು ತಿರುಗಿಸುವದಕ್ಕೂ, ತೊಟ್ಟಿಯ ಮಟ್ಟವನ್ನು ಅಳೆಯುವದಕ್ಕೂ, ದೀಪವನ್ನು ಬೆಳಗಿಸುವದಕ್ಕೂ ಅದು ಬೇಕು. ಆದರೆ ತಂತಿಯು ಹೋಗುವ ದಾರಿಯಲ್ಲಿಯೇ ಆವಿಯೂ ಹೋಗಬಲ್ಲದು, ಬೆಂಕಿಯೂ ಹೋಗಬಲ್ಲದು. ವಿದ್ಯುತ್ತಿಗೆ ದಾರಿಯನ್ನು ಬಿಟ್ಟು ಇವೆರಡಕ್ಕೆ ದಾರಿಯನ್ನು ಮುಚ್ಚುವದು ಹೇಗೆ ಎಂಬುದೇ ಈ ಪಾಠದ ವಿಷಯವು.

1. ಹಗೇವಿನಿಂದ ಕಲಿಯತಕ್ಕದ್ದು

ನಮ್ಮ ಸೀಮೆಯ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ಬಹುಕಾಲ ಕೆಡದೆ ಉಳಿಯುತ್ತಿತ್ತು. ಆದರೆ ಹಗೇವನ್ನು ತೆರೆದ ಕೂಡಲೆ ಯಾರನ್ನೂ ಒಳಗೆ ಇಳಿಯಗೊಡುತ್ತಿರಲಿಲ್ಲ. ಕಾಳೂ ಉಸಿರಾಡುವದು, ಅದು ಒಳಗಿನ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬಿರುವದು. ಅವಸರಪಟ್ಟು ಇಳಿದವರು ಮೇಲೆ ಬಾರದೆ ಹೋದ ಸಂಗತಿಗಳನ್ನು ಮುದುಕರು ಹೇಳುವರು. ಆದುದರಿಂದ ಮೊದಲು ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಅದು ಆರಿದರೆ ಒಳಗೆ ಇಳಿಯಬಾರದೆಂದು ತಿಳಿಯುತ್ತಿದ್ದರು.

ಇದರಿಂದ ಮೂರು ಮಾತುಗಳನ್ನು ಕಲಿಯಬಹುದು. ಕಣ್ಣಿಗೆ ಕಾಣದ ವಾಯುವು ಪ್ರಾಣವನ್ನು ತೆಗೆಯಬಲ್ಲದು. ಗಾಳಿಗಿಂತ ಭಾರವಾದ ವಾಯುವು ತಗ್ಗಿನಲ್ಲಿ ನಿಲ್ಲುವದು. ಒಂದು ಬೊಗಸೆ ಮಣ್ಣು ಸರಿಯಾಗಿ ಕುಳಿತಿದೆಯೋ ಇಲ್ಲವೋ ಎಂಬುದರ ಮೇಲೆ ಒಳಗಿನದು ಒಳಗೇ ಉಳಿಯುವದೋ ಹೊರಗೆ ಬರುವದೋ ಎಂಬುದು ನಿರ್ಣಯವಾಗುವದು. ಈ ಮೂರೂ ಮಾತುಗಳು ಇಥೆನಾಲಿಗೆ ಸಲ್ಲುವವು. ದೀಪದ ಪರೀಕ್ಷೆಯೊಂದು ಮಾತ್ರ ಸಲ್ಲದು. ಅಲ್ಲಿ ದೀಪವನ್ನು ಇಳಿಸುವದೇ ಅನಾಹುತವು. ದೀಪವೇಕೆ, ಒಂದು ಸ್ವಿಚ್ಚನ್ನು ಒತ್ತಿದಾಗ ಒಳಗೆ ಮಿನುಗುವ ಕಿಡಿಯೇ ಸಾಕು.

2. ಒಂದು ಲೀಟರಿನ ಲೆಕ್ಕ

ದ್ರವವು ಉರಿಯುವದಿಲ್ಲ, ಅದರ ಆವಿಯು ಗಾಳಿಯೊಡನೆ ಬೆರೆತು ಉರಿಯುವದು. ಕಿಡಿಯನ್ನು ತಾಗಿಸಿದರೆ ಭಗ್ಗನೆ ಹೊತ್ತುವಷ್ಟು ಆವಿಯನ್ನು ದ್ರವವು ಯಾವ ಉಷ್ಣತೆಯಲ್ಲಿ ಕೊಡುವದೋ ಅದಕ್ಕೆ ಜ್ವಲನ ಬಿಂದುವೆಂದು ಹೆಸರು. ಶುದ್ಧ ಇಥೆನಾಲಿಗೆ ಅದು ಸುಮಾರು 13 ಡಿಗ್ರಿ ಸೆಂಟಿಗ್ರೇಡ್. ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವ ನಮ್ಮ ಸೀಮೆಯಲ್ಲಿ ಚಳಿಗಾಲದ ಹಗಲು ಕೂಡ ಇದಕ್ಕಿಂತ ಎಷ್ಟೋ ಬಿಸಿಯಾಗಿರುವದು. ಅಂದಮೇಲೆ ಇಲ್ಲಿ ಇಥೆನಾಲು ಚೆಲ್ಲಿದಲ್ಲೆಲ್ಲ ಅಪಾಯದ ಆವಿಯು ಇದ್ದೇ ಇರುವದೆಂದು ತಿಳಿಯತಕ್ಕದ್ದು. ಈ ಆವಿಯು ಗಾಳಿಗಿಂತ 1.6 ಪಟ್ಟು ಭಾರ. ಆದುದರಿಂದ ಅದು ಹಗೇವಿನ ವಾಯುವಿನಂತೆ ತಗ್ಗನ್ನೂ, ಚರಂಡಿಯನ್ನೂ, ಕೇಬಲ್ಲುಗಳನ್ನಿಟ್ಟ ಕಾಲುವೆಯನ್ನೂ ಹುಡುಕಿಕೊಂಡು ಹೋಗುವದು.

ಗಾಳಿಯಲ್ಲಿ ಈ ಆವಿಯು ನೂರಕ್ಕೆ 3.3ಕ್ಕಿಂತ ಕಡಿಮೆಯಿದ್ದರೆ ಉರಿ ಹಬ್ಬುವದಿಲ್ಲ. 19ಕ್ಕಿಂತ ಹೆಚ್ಚಾದರೂ ಹಬ್ಬುವದಿಲ್ಲ. ಇವೆರಡರ ನಡುವೆ ಇದ್ದರೆ ಸ್ಫೋಟವಾಗುವದು. ಈಗ ಒಂದು ಲೆಕ್ಕವನ್ನು ಮಾಡೋಣ. ಒಂದು ಲೀಟರ್ ಇಥೆನಾಲಿನ ತೂಕ 789 ಗ್ರಾಂ. ಅದರ ಅಣುಭಾರ 46. ಎಂದರೆ ಅದರಲ್ಲಿ 17ಕ್ಕೆ ಸ್ವಲ್ಪ ಹೆಚ್ಚು ಮೋಲುಗಳಿವೆ. 30 ಡಿಗ್ರಿಯಲ್ಲಿ ಒಂದು ಮೋಲು ಆವಿಯು ಸುಮಾರು 25 ಲೀಟರ್ ಸ್ಥಳವನ್ನು ಹಿಡಿಯುವದರಿಂದ, ಒಂದು ಲೀಟರ್ ದ್ರವದಿಂದ 420 ಲೀಟರಿಗೂ ಹೆಚ್ಚು ಆವಿಯಾಗುವದು. ಇಷ್ಟು ಆವಿಯು ಗಾಳಿಯಲ್ಲಿ ನೂರಕ್ಕೆ 3.3ರಂತೆ ಸಮನಾಗಿ ಬೆರೆತರೆ ಸುಮಾರು 12½ ಘನ ಮೀಟರ್ ಮಿಶ್ರಣವಾಗುವದು. ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಒಂದು ಕೋಣೆಯು ಇಷ್ಟೇ ಇರುವದು. ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರನು ಗುಂಡಿಗಳ ಮುಂದೆ ಕುಳಿತುಕೊಳ್ಳುವ ಚಿಕ್ಕ ಕೋಣೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಆ ಕೋಣೆಯನ್ನು ತುಂಬಿದ ಮದ್ದಿನ ಪೆಟ್ಟಿಗೆಯನ್ನಾಗಿ ಮಾಡಲು ತಂತಿಯ ದಾರಿಯಲ್ಲಿ ಜಿನುಗಿ ಬಂದ ಒಂದೇ ಲೀಟರು ಸಾಕು.

ದೊಡ್ಡ ಪ್ರಮಾಣದಲ್ಲಿ ಇಂಥದು ಸಂಭವಿಸಿದಾಗ ಏನಾಗುವದೆಂಬುದನ್ನು 2009ರ ಅಕ್ಟೋಬರ 29ರಂದು ಜಯಪುರದ ಪೆಟ್ರೋಲಿಯಂ ಡಿಪೋದಲ್ಲಿ ದೇಶವು ಕಂಡಿತು. ಸೋರಿದ ಪೆಟ್ರೋಲಿನ ಆವಿಯು ಮೋಡದಂತೆ ಹರಡಿ, ಬಳಿಕ ಒಮ್ಮೆಲೆ ಹೊತ್ತಿತು. ಆ ಕಿಡಿಯು ಎಲ್ಲಿಂದ ಬಂದಿರಬಹುದೆಂದು ವಿಚಾರಣಾ ಸಮಿತಿಯು ಎಣಿಸಿದ ಕಾರಣಗಳಲ್ಲಿ ಜ್ವಾಲಾನಿರೋಧಕವಲ್ಲದ ವಿದ್ಯುದುಪಕರಣವೂ ಒಂದಾಗಿತ್ತು.

3. ಜ್ವಾಲೆಯ ದಾರಿಯನ್ನು ತಡೆಯುವದು

ನಮ್ಮ ಪ್ರಯೋಗಶಾಲೆಯ ಸ್ಪಿರಿಟ್ ದೀಪದಲ್ಲಿ ಉರಿಯುವದೂ ಇದೇ ಇಥೆನಾಲು. ಅದರ ಜ್ವಾಲೆಯ ಮೇಲೆ ತಂತಿಯ ಬಲೆಯನ್ನು ಹಿಡಿದಾಗ ಜ್ವಾಲೆಯು ಬಲೆಯ ಕೆಳಗೇ ಚಪ್ಪಟೆಯಾಗಿ ನಿಂತುದನ್ನು ನೀವು ಕಂಡಿರುವಿರಿ. ಬಲೆಯ ಲೋಹವು ಉರಿಯ ಬಿಸಿಯನ್ನು ಹೀರಿಕೊಳ್ಳುವದರಿಂದ ಮೇಲೆ ಹೋದ ಆವಿಯು ಹೊತ್ತುವಷ್ಟು ಬಿಸಿಯಾಗಿ ಉಳಿಯುವದಿಲ್ಲ. ಇಂಗ್ಲೆಂಡದ ಫೆಲ್ಲಿಂಗ್ ಎಂಬ ಕಲ್ಲಿದ್ದಲಿನ ಗಣಿಯಲ್ಲಿ 1812ರ ಮೇ 25ರಂದು ಸ್ಫೋಟವಾಗಿ 92 ಜನರು ಮಡಿದರು. ಆ ಬಳಿಕ ಹಂಫ್ರಿ ಡೇವಿಯು 1815ರಲ್ಲಿ ಈ ತತ್ತ್ವದಿಂದಲೇ ಗಣಿಗಾರರ ರಕ್ಷಾದೀಪವನ್ನು ಮಾಡಿದನು. ಅದಕ್ಕೆ ಪೇಟೆಂಟನ್ನು ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟನು.

ಕಾರ್ಖಾನೆಯ ಜ್ವಾಲಾನಿರೋಧಕ ಪೆಟ್ಟಿಗೆಯು ಆ ದೀಪದ ಮೊಮ್ಮಗಳು. ಅಂಥ ಪೆಟ್ಟಿಗೆಯೊಳಗೆ ಆವಿಯು ಹೋಗುವದೇ ಇಲ್ಲವೆಂದು ಅನೇಕರು ತಿಳಿಯುವರು. ಅದು ತಪ್ಪು. ಹಗಲಿನ ಬಿಸಿಲಿಗೆ ಒಳಗಿನ ಗಾಳಿಯು ಹಿಗ್ಗಿ ಹೊರಬೀಳುವದು. ರಾತ್ರಿಯ ತಂಪಿಗೆ ಕುಗ್ಗಿ ಹೊರಗಿನದನ್ನು ಒಳಗೆ ಎಳೆದುಕೊಳ್ಳುವದು. ಹೀಗೆ ಪೆಟ್ಟಿಗೆಯು ಉಸಿರಾಡುತ್ತಿರುವದು. ಒಳಗೆ ಸೇರಿದ ಆವಿಯು ಕಿಡಿ ತಗುಲಿ ಒಳಗೇ ಸಿಡಿಯಬಹುದೆಂದು ಎಣಿಸಿಯೇ ಪೆಟ್ಟಿಗೆಯನ್ನು ಗಟ್ಟಿಯಾಗಿ ಎರಕಹೊಯ್ದಿರುವರು. ಸಿಡಿದ ಉರಿಯು ಮುಚ್ಚಳದ ಅಂಚಿನ ಅತಿ ಕಿರಿದಾದ ಸಂದಿನಲ್ಲಿ ನುಸುಳಿ ಹೊರಗೆ ಬರುವಷ್ಟರಲ್ಲಿ ತಣ್ಣಗಾಗಿರುವದು. ಆದುದರಿಂದಲೇ ಅಂಚಿನ ಮೇಲೆ ಗೀರು ಬೀಳಬಾರದು; ಒಂದು ಬೋಲ್ಟು ಕೂಡ ತಪ್ಪಬಾರದು.

ಆದರೆ ಪೆಟ್ಟಿಗೆಯು ಎಷ್ಟು ಗಟ್ಟಿಯಾದರೇನು? ತಂತಿಯು ಒಳಗೆ ಬರಲು ಒಂದು ತೂತು ಬೇಕಷ್ಟೆ. ತಂತಿಯನ್ನು ಹೊತ್ತ ಕೊಳವೆಯು ತೆರೆದಿದ್ದರೆ ಒಳಗಿನ ಉರಿಯು ಆ ಕೊಳವೆಯನ್ನು ಹೊಕ್ಕು, ಮುಂದಿನ ಆವಿಯನ್ನು ಒತ್ತುತ್ತ ಓಡುವದು. ಹೀಗೆ ಒತ್ತಿದ ಆವಿಯು ಸಿಡಿದಾಗ ಎರಡನೆಯ ಪೆಟ್ಟಿಗೆಯ ಸ್ಫೋಟವು ಮೊದಲನೆಯದಕ್ಕಿಂತ ಉಗ್ರವಾಗುವದು. ಇದನ್ನು ತಡೆಯಲು ಕೊಳವೆಯಲ್ಲಿ ಸೀಲನ್ನು ಕೂಡಿಸುವರು.

ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ ಪ್ರಕಾರ ಕಿಡಿಯೆಬ್ಬಿಸುವ ಉಪಕರಣವಿರುವ ಪೆಟ್ಟಿಗೆಯಿಂದ 18 ಅಂಗುಲದೊಳಗೆ ಈ ಸೀಲು ಇರಬೇಕು. ಅದರ ಕೆಲಸದ ಕ್ರಮವು ಹೀಗಿದೆ: ಮೊದಲು ತಂತಿಗಳನ್ನು ಒಂದರಿಂದ ಒಂದನ್ನು ಬಿಡಿಸಿ ನಿಲ್ಲಿಸುವರು. ಬಳಿಕ, ಹೊಲದಲ್ಲಿ ನೀರು ನಿಲ್ಲಲು ನಾವು ಒಡ್ಡು ಹಾಕುವಂತೆ, ಕೊಳವೆಯೊಳಗೆ ನಾರಿನ ಒಡ್ಡನ್ನು ತುಂಬುವರು. ಕಡೆಗೆ ಕಲಸಿದ ಸೀಲಿನ ಗಾರೆಯನ್ನು ಹೊಯ್ಯುವರು. ಅದು ಪ್ರತಿಯೊಂದು ತಂತಿಯ ಸುತ್ತಲೂ ಹರಿದು ಗಟ್ಟಿಯಾಗಬೇಕು. ಗಾರೆಯ ದಪ್ಪವು ಕೊಳವೆಯ ಅಳತೆಗಿಂತ ಕಡಿಮೆಯಾಗಬಾರದು. ಎಂಥ ಸಣ್ಣ ಕೊಳವೆಯಾದರೂ 16 ಮಿಲಿಮೀಟರಿಗೆ ಕಡಿಮೆಯಾಗಬಾರದು. 93 ಡಿಗ್ರಿಯವರೆಗೆ ಅದು ಕರಗಬಾರದು. ಸೀಲಿನೊಳಗೆ ತಂತಿಗೆ ತಂತಿಯನ್ನು ಜೋಡಿಸಬಾರದು.

ನಮ್ಮ ದೇಶದಲ್ಲಿ ಕೊಳವೆಗಿಂತ ಉಕ್ಕಿನ ಕವಚವುಳ್ಳ ಕೇಬಲ್ಲಿನ ಬಳಕೆಯೇ ಹೆಚ್ಚು. ಅದು ಪೆಟ್ಟಿಗೆಯನ್ನು ಹೊಗುವಲ್ಲಿ ಗ್ಲ್ಯಾಂಡ್ ಎಂಬ ಹಿತ್ತಾಳೆಯ ಕೊರಳನ್ನು ಕೂಡಿಸುವರು. ಅದು ಕೇಬಲ್ಲಿನ ಒಳಮೈಯನ್ನೊಮ್ಮೆ, ಹೊರಮೈಯನ್ನೊಮ್ಮೆ, ಹೀಗೆ ಎರಡು ಕಡೆ ರಬ್ಬರಿನ ಉಂಗುರದಿಂದ ಬಿಗಿಹಿಡಿಯುವದು. ಬೇಕಾದಲ್ಲಿ ಅದರೊಳಗೆ ರಾಳದ ಗಾರೆಯನ್ನೂ ತುಂಬುವರು. ಅಂಥದಕ್ಕೆ ತಡೆಗ್ಲ್ಯಾಂಡ್ ಎನ್ನಬಹುದು. ಆವಿಯು ಯಾವಾಗಲೂ ಇರುವ ಸ್ಥಳವು 0 ವಲಯ, ಕೆಲಸದಲ್ಲಿ ಆಗಾಗ ಇರಬಹುದಾದದ್ದು 1 ವಲಯ, ಏನಾದರೂ ಕೆಟ್ಟಾಗ ಮಾತ್ರ ಸ್ವಲ್ಪಕಾಲ ಇರುವದು 2 ವಲಯ ಎಂದು ಭಾರತೀಯ ಮಾನಕವು ವಿಂಗಡಿಸಿದೆ. ಕೇಬಲ್ಲಿನ ಕಾಲುವೆಗಳಲ್ಲಿ ಮರಳನ್ನು ತುಂಬುವದೂ, ಕೇಬಲ್ಲು ಗೋಡೆಯನ್ನು ದಾಟುವ ತೂತುಗಳನ್ನು ಮುಚ್ಚುವದೂ ಈ ಕಾರಣಕ್ಕಾಗಿಯೇ.

4. ದ್ರವದ ದಾರಿ

ಇಷ್ಟರಿಂದ ಉರಿಯ ದಾರಿಯು ಮುಚ್ಚಿತು. ಆದರೆ ದ್ರವದ ದಾರಿಯು ಮುಚ್ಚಿತೆಂದು ಹೇಳಲಾಗದು.

ಸಂಜೆಯ ದೀಪದ ಬತ್ತಿಯನ್ನು ನೋಡಿರಿ. ಎಣ್ಣೆಯನ್ನು ಯಾರೂ ಮೇಲಕ್ಕೆ ತಳ್ಳುವದಿಲ್ಲ. ನೂಲಿನ ಎಳೆಗಳ ನಡುವಣ ಸಂದುಗಳಲ್ಲಿ ಅದು ತಾನೇ ಏರುವದು. ಕೇಬಲ್ಲಿನೊಳಗಿನ ತಾಮ್ರದ ತಂತಿಯೂ ಬಹುಮಟ್ಟಿಗೆ ಒಂದೇ ಸರಿಗೆಯಲ್ಲ. ಹಲವು ಎಳೆಗಳನ್ನು ಹೊಸೆದುದು. ಆ ಎಳೆಗಳ ನಡುವೆಯೂ ಸಂದುಗಳಿವೆ. ಹೊರಗಿನ ಸುತ್ತೆಲ್ಲ ಗಾರೆಯು ಗಟ್ಟಿಯಾಗಿ ಕುಳಿತಿದ್ದರೂ ಈ ಎಳೆಗಳ ನಡುವೆ ವಾಯುವೂ ದ್ರವವೂ ಮೆಲ್ಲಗೆ ದಾಟಬಲ್ಲವು. ಕೆಲವೇ ಅಂಗುಲ ನೀರಿನ ಒತ್ತಡವು ಎಡೆಬಿಡದೆ ಇದ್ದರೂ ಸೀಲಿನ ಮೂಲಕ ಆವಿಯು ನಿಧಾನವಾಗಿ ದಾಟಬಹುದೆಂದು ಮೇಲೆ ಹೇಳಿದ ಸಂಹಿತೆಯೇ ಎಚ್ಚರಿಸುವದು.

ತೊಟ್ಟಿಯ ಒತ್ತಡವಾದರೋ ಎಷ್ಟು? ತೊಟ್ಟಿಯಲ್ಲಿ 10 ಮೀಟರ್ ಎತ್ತರಕ್ಕೆ ಇಥೆನಾಲಿದ್ದರೆ ತಳದಲ್ಲಿ 7.9 ಮೀಟರ್ ನೀರಿನಷ್ಟು ಒತ್ತಡವಿರುವದು. ಅಂಗುಲದ ಲೆಕ್ಕದಲ್ಲಿ ಸುಮಾರು 310. ತಳದಲ್ಲಿ ಕೂಡಿಸಿದ ಮಟ್ಟದ ಮಾಪಕವನ್ನು ಯೋಚಿಸಿರಿ. ಅದರಲ್ಲಿ ಒಂದು ಕಡೆ ದ್ರವ, ಇನ್ನೊಂದು ಕಡೆ ವಿದ್ಯುತ್ತಿನ ತಂತಿ. ನಡುವೆ ತೆಳುವಾದ ಲೋಹದ ಒಂದು ಪೊರೆ. ವರ್ಷಗಟ್ಟಲೆ ಒತ್ತಡವನ್ನು ತಾಳಿ, ತುಕ್ಕು ತಿಂದು, ಆ ಪೊರೆಯು ಒಂದು ದಿನ ಸೀಳಿತೆನ್ನಿರಿ. ಆಗ ದ್ರವವು ಮಾಪಕದ ಪೆಟ್ಟಿಗೆಯನ್ನು ತುಂಬಿ, ಕೇಬಲ್ಲಿನ ಎಳೆಗಳನ್ನು ಬತ್ತಿಯನ್ನಾಗಿ ಮಾಡಿಕೊಂಡು, ಅಪಾಯವಿಲ್ಲದ ಸ್ಥಳವೆಂದು ನಂಬಿ ಸಾಮಾನ್ಯ ಸ್ವಿಚ್ಚುಗಳನ್ನು ಕೂಡಿಸಿದ ಕೋಣೆಯ ಕಡೆಗೆ ಹೊರಡುವದು. ಬತ್ತಿಯಲ್ಲಿ ಎಣ್ಣೆಯು ತಾನೇ ಏರಿತು. ಇಲ್ಲಿ ತೊಟ್ಟಿಯ ಭಾರವೆಲ್ಲ ಹಿಂದಿನಿಂದ ನೂಕುವದು. ಮುಂದಿನ ಮಾತು ಎರಡನೆಯ ಭಾಗದ ಲೆಕ್ಕದಲ್ಲಿಯೇ ಇದೆ.

5. ಎರಡು ಬಾಗಿಲು, ನಡುವೆ ಒಂದು ಸಾಕ್ಷಿ

ಈ ಅಪಾಯಕ್ಕೆ ಮೊದಲು ತೋಚುವ ಉಪಾಯವು ಇನ್ನೊಂದು ತಡೆಯನ್ನು ಹಾಕುವದು. ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ. ಎರಡು ಬಾಗಿಲುಗಳಲ್ಲಿ ಮೊದಲನೆಯದು ಮುರಿದುದು ಯಾರಿಗೂ ತಿಳಿಯದಿದ್ದರೆ ಆ ದಿನದಿಂದ ಮನೆಗೆ ಇರುವದು ಒಂದೇ ಬಾಗಿಲು. ನಾವು ಮಾತ್ರ ಎರಡಿವೆಯೆಂಬ ಧೈರ್ಯದಿಂದ ಮಲಗಿರುವೆವು.

ಆದುದರಿಂದ ಬಲ್ಲವರು ಎರಡು ತಡೆಗಳ ನಡುವೆ ಒಂದು ಖಾಲಿ ಸ್ಥಳವನ್ನು ಬಿಟ್ಟು, ಅಲ್ಲಿಂದ ಸುರಕ್ಷಿತವಾದ ಬಯಲಿಗೆ ಒಂದು ಕಿಂಡಿಯನ್ನು ಇಡುವರು. ಮೊದಲನೆಯ ತಡೆಯು ಒಡೆದರೆ ದ್ರವವು ಮುಂದಕ್ಕೆ ನುಗ್ಗದೆ ಆ ಕಿಂಡಿಯಿಂದ ಹೊರಗೆ ತೊಟ್ಟಿಕ್ಕುವದು. ಇಲ್ಲವೆ ಒಂದು ಗಂಟೆಯು ಬಾರಿಸುವದು. ಕಂಡವನು ಕೂಡಲೆ ಮಾಪಕವನ್ನು ಬದಲಿಸುವನು. ಅಷ್ಟರವರೆಗೆ ಎರಡನೆಯ ತಡೆಯು ಕಾಯುವದು. ಇದಕ್ಕೆ ಸೂಚನೆಯುಳ್ಳ ಜೋಡುಸೀಲು ಎನ್ನುವರು. ಒಂದೇ ತಡೆಯಿದ್ದರೂ ಕಠಿಣವಾದ ಪರೀಕ್ಷೆಗಳಲ್ಲಿ ಗೆದ್ದುದನ್ನು ಒಂಟಿಸೀಲು ಎಂದು ಒಪ್ಪುವದೂ ಉಂಟು. ಈ ನಿಯಮಗಳನ್ನು ಅಮೆರಿಕದ ಉಪಕರಣತಜ್ಞರ ಸಂಸ್ಥೆಯು 2003ರಲ್ಲಿ ಮಾನಕವಾಗಿ ಪ್ರಕಟಿಸಿತು; ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 2015ರಲ್ಲಿ ತನ್ನ ತಾಂತ್ರಿಕ ವಿವರಣೆಯನ್ನು ಹೊರಡಿಸಿತು.

ಬೇರೆ ಉಪಾಯಗಳೂ ಇವೆ. ಉಷ್ಣತೆಯನ್ನು ಅಳೆಯುವ ಕಡ್ಡಿಯನ್ನು ದ್ರವದಲ್ಲಿ ನೇರವಾಗಿ ಇಳಿಸದೆ ತುದಿ ಮುಚ್ಚಿದ ಲೋಹದ ಒರೆಯೊಳಗೆ ಇಡುವರು. ಆಗ ಕಡ್ಡಿಯನ್ನು ಹೊರದೆಗೆದರೂ ದ್ರವವು ಹೊರಬಾರದು. ಎಳೆಗಳಿಲ್ಲದ ಗಟ್ಟಿ ತಂತಿಯ ಸುತ್ತ ಮೆಗ್ನೀಸಿಯಂ ಆಕ್ಸೈಡಿನ ಪುಡಿಯನ್ನು ಒತ್ತಿ ತುಂಬಿದ ಕೇಬಲ್ಲನ್ನು ಕೆಲವೆಡೆ ಬಳಸುವರು. ಅದರಲ್ಲಿ ಬತ್ತಿಯಾಗಲು ಸಂದುಗಳಿಲ್ಲ.

6. ಕಾಣದ ಕೆಲಸ

ನಮ್ಮಲ್ಲಿ ಕಲಿತು ಮುಂದೆ ವಿದ್ಯುತ್ತಿನ ಡಿಪ್ಲೊಮಾ ಪಡೆದ ಒಬ್ಬಳು ಕೆಲವು ವರ್ಷಗಳ ಹಿಂದೆ ನನ್ನನ್ನು ಕಾಣಲು ಬಂದಿದ್ದಳು. ಅವಳ ಹೆಸರನ್ನೂ ಕಾರ್ಖಾನೆಯ ಹೆಸರನ್ನೂ ಇಲ್ಲಿ ಹೇಳುವ ಕಾರಣವಿಲ್ಲ. ಯಂತ್ರಗಳು ನಡೆಯಲು ಎರಡು ದಿನ ಉಳಿದಿದ್ದಾಗ ತಪಾಸಣೆಯ ಕಾಗದಕ್ಕೆ ರುಜು ಹಾಕಲು ಅವಳನ್ನು ಕಳುಹಿಸಿದರು. ಹನ್ನೆರಡು ತಡೆಗ್ಲ್ಯಾಂಡುಗಳು, ಎಲ್ಲವೂ ಬಿಗಿಯಾಗಿದ್ದವು, ಹೊಳೆಯುತ್ತಿದ್ದವು, ಕಾಗದದಲ್ಲಿ ಎಲ್ಲಕ್ಕೂ ಸರಿಯೆಂಬ ಗುರುತು ಬಿದ್ದಿತ್ತು. ಅವಳು ಒಂದನ್ನು ಬಿಚ್ಚಿಸಿದಳು. ಒಳಗೆ ರಾಳವಿರಲಿಲ್ಲ. ಹನ್ನೆರಡನ್ನೂ ಬಿಚ್ಚಿಸಲು ಮೂರು ಬರಿದಾಗಿದ್ದವು. ಮೇಲಿನವರು ತಡವಾಯಿತೆಂದು ಗದರಿದರು. ಕೂಲಿಯವನು, ಗ್ಲ್ಯಾಂಡಿಗೆ ಇಷ್ಟೆಂದು ತನ್ನ ಕೂಲಿಯೆಂದೂ, ರಾಳವು ಗಟ್ಟಿಯಾಗುವವರೆಗೆ ಕಾದರೆ ದಿನದ ಗಳಿಕೆ ತಪ್ಪುವದೆಂದೂ ಕಣ್ಣೀರು ತಂದುಕೊಂಡನು. ಅವಳು ಅವನನ್ನು ಬಿಡಿಸಿ ಕಳುಹಿಸಲಿಲ್ಲ. ಅವನ ಕೈಯಿಂದಲೇ ಮೂರನ್ನೂ ತುಂಬಿಸಿ, ಕಾಯುವ ಹೊತ್ತಿಗೂ ಕೂಲಿಯನ್ನು ಬರೆಯಿಸಿ, ತಾರೀಖನ್ನೂ ಅವನ ಹೆಸರನ್ನೂ ತಗಡಿನ ಮೇಲೆ ಕಟ್ಟಿಸಿದಳು.

“ಅಕ್ಕೋರೆ, ಹೊರಗಿಂದ ನೋಡಿದರ ತುಂಬಿದ್ದೂ ಖಾಲಿದೂ ಒಂದಽ ಥರ ಕಾಣತಿದ್ದವು,” ಎಂದಳು. ಆ ಮಾತು ನನಗೆ ಈಗಲೂ ಮರೆಯದು. ಇಳಕಲ್ಲಿನ ನೇಕಾರನು ಸೀರೆಯ ಒಡಲಿಗೆ ಸೆರಗನ್ನು ಕೂಡಿಸುವಾಗ ಒಂದು ಕೊಂಡಿಯನ್ನು ತಪ್ಪಿದರೆ ಕೊಳ್ಳುವವಳ ಕಣ್ಣಿಗೆ ಅದು ಬೀಳುವದು. ಸೀಲಿನೊಳಗಿನ ತಪ್ಪು ಯಾರ ಕಣ್ಣಿಗೂ ಬೀಳದು. ಅದನ್ನು ಬಲ್ಲವನು ಮಾಡಿದವನೊಬ್ಬನೇ; ಅದರ ಫಲವನ್ನು ಉಣ್ಣುವವನು ಮಾತ್ರ ದೂರದ ಕೋಣೆಯಲ್ಲಿ ಗುಂಡಿಗಳ ಮುಂದೆ ಕುಳಿತಿರುವ ಇನ್ನೊಬ್ಬನು. ಆದುದರಿಂದ ಎಂಥ ಮಾನಕವಿದ್ದರೂ ಕಡೆಯಲ್ಲಿ ಎರಡು ಬೇಕು: ಕಾಣದಲ್ಲಿಯೂ ಸರಿಯಾಗಿ ಮಾಡುವ ಕೈ, ಮತ್ತು ಕಾಗದವನ್ನು ನಂಬದೆ ಬಿಚ್ಚಿ ನೋಡುವ ಕಣ್ಣು. ನಮ್ಮ ಶಾಲೆಯಿಂದ ಇವೆರಡನ್ನೂ ನೀವು ತೆಗೆದುಕೊಂಡು ಹೋದರೆ ನಮ್ಮ ಪಾಠವು ಸಾರ್ಥಕವು.

ಅಭ್ಯಾಸದ ಪ್ರಶ್ನೆಗಳು

1. ಹಗೇವಿನ ಪರೀಕ್ಷೆಗೆ ದೀಪವನ್ನು ಇಳಿಸುವದು ಸಲ್ಲುವದು; ಇಥೆನಾಲಿನ ತೊಟ್ಟಿಯ ಪರೀಕ್ಷೆಗೆ ಏಕೆ ಸಲ್ಲದು?

2. ನಿಮ್ಮ ತರಗತಿಯ ಕೋಣೆಯನ್ನು ಅಳೆದು, ಅದರಲ್ಲಿ ಸ್ಫೋಟಕ ಮಿಶ್ರಣವಾಗಲು ಕನಿಷ್ಠ ಎಷ್ಟು ಲೀಟರ್ ಇಥೆನಾಲು ಸಾಕೆಂದು ಲೆಕ್ಕ ಮಾಡಿರಿ.

3. ಹೊಸೆದ ತಾಮ್ರದ ತಂತಿಯ ತುದಿಯನ್ನೂ, ಒಂದೇ ಸರಿಗೆಯ ತುದಿಯನ್ನೂ ಸಾಬೂನು ಬೆರೆಸಿದ ಬಣ್ಣದ ನೀರಿನಲ್ಲಿ ಅದ್ದಿ ನಿಲ್ಲಿಸಿರಿ. ಒಂದು ತಾಸಿನ ಬಳಿಕ ಕಂಡ ವ್ಯತ್ಯಾಸವನ್ನು ಬರೆದು ಕಾರಣವನ್ನು ಹೇಳಿರಿ.

4. ಜೋಡುಸೀಲಿನಲ್ಲಿ ಕಿಂಡಿಯನ್ನಾಗಲಿ ಗಂಟೆಯನ್ನಾಗಲಿ ಇಡದಿದ್ದರೆ ಬರುವ ಕೇಡೇನು?